ಗುರಿ ಬರೆಯುವ ಮೊದಲು ಬಾಳೆ ನೆಡಿ: ಆನ್‌ಲೈನ್ ಮಾರ್ಕೆಟಿಂಗ್ ನಡೆಸುವವರಿಗೆ ಹೊಸ ವರ್ಷದ ಲೆಕ್ಕ

ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವುದು, ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ. 2024ರಲ್ಲಿ ಪುತ್ತಿಗೆ ಮಠದ ಸರದಿ, 2026ರಲ್ಲಿ ಶಿರೂರು ಮಠದ್ದು. ಆದರೆ ತಯಾರಿ ಶುರುವಾಗುವುದು ಒಂದು ವರ್ಷಕ್ಕೂ ಮೊದಲು, ಬಾಳೆ ಮುಹೂರ್ತದಿಂದ. ಮೊದಲು ಬಾಳೆ ಗಿಡ ನೆಡುತ್ತಾರೆ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಎರಡು ವರ್ಷ ಬಂದವರಿಗೆಲ್ಲ ಊಟ ಹಾಕಬೇಕಲ್ಲ, ಅದಕ್ಕೆ ಎಲೆ ಬೇಕು, ಅಕ್ಕಿ ಬೇಕು, ಸೌದೆ ಬೇಕು. "ಇಷ್ಟು ಸಾವಿರ ಜನರಿಗೆ ಊಟ" ಎಂದು ಗೋಡೆಗೆ ಬರೆದು ಅಂಟಿಸಿ ಯಾರೂ ಕಾಯುತ್ತಾ ಕೂರುವುದಿಲ್ಲ.

ಗೋಡೆಗೆ ಅಂಟಿಸಿ ಕೂರುವವರು ನಮ್ಮಂಥವರು. ನಾನು ಮಂಗಳೂರಿನಲ್ಲಿ ಸಣ್ಣದೊಂದು ಆನ್‌ಲೈನ್ ಮಾರ್ಕೆಟಿಂಗ್ ಕೆಲಸ ನಡೆಸುತ್ತೇನೆ. ನಾನು, ಡಿಸೈನ್ ಮಾಡುವ ಒಬ್ಬ ಹುಡುಗ, ಒಂದು ಕೋಣೆ, ಅಷ್ಟೇ. ಒಂದು ವರ್ಷ ಡಿಸೆಂಬರ್ 31ರ ರಾತ್ರಿ ಹೊಸ ನೋಟ್‌ಬುಕ್‌ನಲ್ಲಿ ಹನ್ನೊಂದು ಗುರಿ ಬರೆದಿದ್ದೆ. ಹತ್ತು ಹೊಸ ಕ್ಲೈಂಟ್, ದಿನಕ್ಕೊಂದು ರೀಲ್, ಯೂಟ್ಯೂಬ್ ಚಾನೆಲ್, ಆದಾಯ ಡಬಲ್. ಆ ನೋಟ್‌ಬುಕ್ ಮತ್ತೆ ಕೈಗೆ ಸಿಕ್ಕಿದ್ದು ಜುಲೈಯಲ್ಲಿ, ಕೋಣೆ ಸೋರುತ್ತಿದೆ ಎಂದು ಮೇಜು ಸರಿಸಿದಾಗ. ಹನ್ನೊಂದರಲ್ಲಿ ಒಂದೂ ಆಗಿರಲಿಲ್ಲ. ಬೇಜಾರಾಗಿದ್ದು ಅದಕ್ಕಲ್ಲ. ಹನ್ನೊಂದರಲ್ಲಿ ಏಳು ಏನೆಂದೇ ನನಗೆ ನೆನಪಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ತಪ್ಪು ಮಾಡಿ ಮಾಡಿ ಒಂದು ಕ್ರಮಕ್ಕೆ ಬಂದಿದ್ದೇನೆ. ಒಬ್ಬರೇ ಕೆಲಸ ಮಾಡುವವರಿಗೂ ಮೂರು ನಾಲ್ಕು ಜನರ ಸಣ್ಣ ಏಜೆನ್ಸಿಗೂ ಇದು ಹೊಂದುತ್ತದೆ. ಒಟ್ಟು ಎರಡು ದಿನದ ಕೆಲಸ. ಒಂದು ದಿನ ಹಳೆಯ ಲೆಕ್ಕಕ್ಕೆ, ಇನ್ನೊಂದು ದಿನ ಹೊಸದಕ್ಕೆ.

ಹಂತ 1: ಹಳೆಯ ಲೆಕ್ಕ ತೆಗೆಯಿರಿ

ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಹಿಸ್ಟರಿ, ನೀವು ಕಳಿಸಿದ ಬಿಲ್ಲುಗಳು. ಮೂರನ್ನೂ ಎದುರಿಗೆ ಇಟ್ಟುಕೊಳ್ಳಿ. ಒಂದು ಎಕ್ಸೆಲ್ ಶೀಟ್‌ನಲ್ಲಿ ಹೋದ ವರ್ಷದ ಪ್ರತಿ ಕ್ಲೈಂಟ್‌ಗೆ ಒಂದು ಸಾಲು. ಯಾರು, ನಮ್ಮನ್ನು ಹೇಗೆ ಹುಡುಕಿಕೊಂಡು ಬಂದರು, ಒಟ್ಟು ಎಷ್ಟು ಕೊಟ್ಟರು, ಬಿಲ್ ಕಳಿಸಿ ಎಷ್ಟು ದಿನಕ್ಕೆ ಕೊಟ್ಟರು, ಈಗ ಇದ್ದಾರಾ ಬಿಟ್ಟರಾ, ಬಿಟ್ಟರೆ ಯಾಕೆ.

"ಹೇಗೆ ಬಂದರು" ಎಂಬ ಕಾಲಮ್ ಇದೆಯಲ್ಲ, ಅದನ್ನು ಸುಳ್ಳಿಲ್ಲದೆ ತುಂಬಿಸಿ. ನಾನು ಮೊದಲ ಸಲ ತುಂಬಿಸಿದಾಗ ಮುಖ ಸಣ್ಣದಾಯಿತು. ಆ ವರ್ಷ ನನ್ನ ಸಮಯದ ದೊಡ್ಡ ಪಾಲು ಹೋಗಿದ್ದು ನಮ್ಮದೇ ಇನ್‌ಸ್ಟಾಗ್ರಾಮ್ ಪೇಜ್‌ಗೆ. ಅಲ್ಲಿಂದ ಬಂದ ಕ್ಲೈಂಟ್ ಸೊನ್ನೆ. ಬಂದವರೆಲ್ಲ ಹಳೆಯ ಕ್ಲೈಂಟ್ ಹೇಳಿ ಬಂದವರು, ಇಲ್ಲವೇ ನಾನೇ ಅಂಗಡಿಗೆ ಹೋಗಿ ಮಾತಾಡಿಸಿದವರು. ಊರು ಸಣ್ಣದು, ಮಾತು ಬೇಗ ಹೋಗುತ್ತದೆ. ಆನ್‌ಲೈನ್ ಮಾರ್ಕೆಟಿಂಗ್ ಮಾಡುವವನಿಗೆ ಕೆಲಸ ಬರುವುದು ಆಫ್‌ಲೈನ್‌ನಲ್ಲಿ ಎಂದು ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆ ಆಗುತ್ತದೆ, ಆದರೆ ಶೀಟ್ ಹೇಳಿದ್ದು ಹಾಗೆಯೇ.

ಇನ್ನೊಂದು ಸಂಖ್ಯೆ ಬೇಕು. ರೇಟ್ ಕೇಳಿದವರು ಎಷ್ಟು, ಅವರಲ್ಲಿ ಕೂತು ಮಾತಾಡಿದವರು ಎಷ್ಟು, ಕೊನೆಗೆ ಕ್ಲೈಂಟ್ ಆದವರು ಎಷ್ಟು. ವಾಟ್ಸ್‌ಆ್ಯಪ್ ಚಾಟ್‌ಗಳನ್ನು ಹಿಂದಕ್ಕೆ ಎಳೆದು ಎಣಿಸಿ. ಬೋರಿಂಗ್ ಕೆಲಸವೇ, ಮಧ್ಯಾಹ್ನ ಊಟದ ಮೇಲೆ ಮಾಡಬೇಡಿ, ನಿದ್ದೆ ಬರುತ್ತದೆ. ಮುಂದಿನ ವರ್ಷ ಈ ಕಷ್ಟ ಬೇಡ ಅಂದರೆ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಲೇಬಲ್ ಇದೆ. ಇವತ್ತಿನಿಂದಲೇ "ರೇಟ್ ಕೇಳಿದರು", "ಮಾತಾಡಿದೆವು", "ಆಯಿತು", "ಆಗಲಿಲ್ಲ" ಎಂದು ನಾಲ್ಕು ಲೇಬಲ್ ಮಾಡಿಟ್ಟುಕೊಳ್ಳಿ.

ಕ್ಲೈಂಟ್‌ಗಳ ವೆಬ್‌ಸೈಟಿಗೆ ಎಷ್ಟು ಜನ ಬಂದರು ಎಂದು ಎಣಿಸಲು ಗೂಗಲ್ ಅನಲಿಟಿಕ್ಸ್ 4 ಇದ್ದರೆ ಒಂದು ಸೆಟ್ಟಿಂಗ್ ಈಗಲೇ ನೋಡಿ. ಅಡ್ಮಿನ್ ಒಳಗೆ ಡೇಟಾ ರಿಟೆನ್ಷನ್ ಅಂತ ಇದೆ, ಡೇಟಾ ಎಷ್ಟು ಕಾಲ ಉಳಿಯಬೇಕು ಎಂಬುದು. ತಾನಾಗಿ ಬರುವುದು 2 ತಿಂಗಳು. ಅದನ್ನು 14 ತಿಂಗಳಿಗೆ ಬದಲಾಯಿಸಿ. ಇಲ್ಲದಿದ್ದರೆ ಎಕ್ಸ್‌ಪ್ಲೊರೇಷನ್ ವರದಿಯಲ್ಲಿ ಈ ಜನವರಿಯನ್ನು ಹೋದ ಜನವರಿ ಜೊತೆ ಹೋಲಿಸಲು ಆಗುವುದಿಲ್ಲ. ಹೋದ ಡೇಟಾ ಹೋದ ಹಾಗೆಯೇ, ಆಮೇಲೆ ಬದಲಾಯಿಸಿದರೂ ವಾಪಸ್ ಬರುವುದಿಲ್ಲ.

ಹಂತ 2: ವರ್ಷಕ್ಕೆ ಎಷ್ಟು ಬೇಕು ಎಂದು ಹಿಂದಿನಿಂದ ಲೆಕ್ಕ ಹಾಕಿ

"ಈ ವರ್ಷ ಆದಾಯ ಜಾಸ್ತಿ ಮಾಡಬೇಕು" ಎನ್ನುವುದು ಆಸೆ. ಅದನ್ನು ಲೆಕ್ಕಕ್ಕೆ ಇಳಿಸುವುದು ಹೇಗೆ ಎಂದು ಒಂದು ಉದಾಹರಣೆ ಹಿಡಿದು ನೋಡುವ. ಸಂಖ್ಯೆಗಳು ಸುಮ್ನೆ ಉದಾಹರಣೆಗೆ, ನಿಮ್ಮದನ್ನು ಹಾಕಿಕೊಳ್ಳಿ.

ತಿಂಗಳ ಖರ್ಚು: ಕೋಣೆ ಬಾಡಿಗೆ 6,000, ಹುಡುಗನ ಸಂಬಳ 15,000, ಇಂಟರ್ನೆಟ್, ಫೋನ್, ಕರೆಂಟ್ ಸೇರಿ 2,000, ಡಿಸೈನ್ ಮತ್ತು ಇತರ ಸಾಫ್ಟ್‌ವೇರ್‌ಗೆ 2,500, ಪೆಟ್ರೋಲ್, ಚಾ ಎಲ್ಲ ಸೇರಿ 2,500. ಒಟ್ಟು 28,000. ಮನೆಗೆ 40,000 ಬೇಕು. ತೆರಿಗೆಗೂ ಕಷ್ಟಕಾಲಕ್ಕೂ ತೆಗೆದಿಡುವುದು 7,000. ಕೂಡಿಸಿದರೆ ತಿಂಗಳಿಗೆ 75,000, ವರ್ಷಕ್ಕೆ 9 ಲಕ್ಷ.

ಈಗ ಕೈಯಲ್ಲಿರುವುದು 4 ಕ್ಲೈಂಟ್, ಒಬ್ಬೊಬ್ಬರಿಂದ ತಿಂಗಳಿಗೆ 12,000. ಅಂದರೆ 48,000. ಸುಮಾರು ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. 75,000 ಭಾಗಿಸು 12,000, ಆರೂಕಾಲು, ಸರಿ, ಏಳು ಕ್ಲೈಂಟ್ ಆದರೆ ಸಾಕು, ಮೂರು ಹೊಸಬರು ಬೇಕು ಎನ್ನುತ್ತಾರೆ. ಮೂರು ವಿಷಯ ಇಲ್ಲಿ ಬಿಟ್ಟುಹೋಗಿದೆ.

ಮೊದಲನೆಯದು, ಇದ್ದವರಲ್ಲಿ ಒಂದಿಬ್ಬರು ಬಿಟ್ಟೇ ಬಿಡುತ್ತಾರೆ. ಹೋದ ವರ್ಷ ಇಬ್ಬರು ಬಿಟ್ಟಿದ್ದರೆ ಈ ವರ್ಷವೂ ಇಬ್ಬರು ಎಂದಿಟ್ಟುಕೊಳ್ಳಿ. ಆಗ ಬೇಕಾದ್ದು ಮೂರಲ್ಲ, ಐದು ಹೊಸಬರು. ಎರಡನೆಯದು, ಮಳೆ ಮತ್ತು ಶುಭಕಾರ್ಯ ನಡೆಯದ ತುಳು ತಿಂಗಳು ಆಟಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ, ಸದ್ಯಕ್ಕೆ ಜುಲೈ, ಆಗಸ್ಟ್‌ನಲ್ಲಿ ಅರ್ಧ ದುಡ್ಡು ಮಾತ್ರ ಎಂದು ಹಿಡಿಯಿರಿ. ಮೂರನೆಯದು ಎಲ್ಲರೂ ಮರೆಯುವಂಥದ್ದು. ಅಕ್ಟೋಬರ್‌ನಲ್ಲಿ ಬಂದ ಕ್ಲೈಂಟ್ ಈ ವರ್ಷಕ್ಕೆ ಕೊಡುವುದು ಹೆಚ್ಚೆಂದರೆ ಮೂರು ತಿಂಗಳ ದುಡ್ಡು.

ಹಾಗಾಗಿ ತಿಂಗಳು ತಿಂಗಳು ಬರೆದು ನೋಡಬೇಕು. ಜನವರಿಯಿಂದ ಮೇವರೆಗೆ ತಿಂಗಳಿಗೊಬ್ಬ ಹೊಸ ಕ್ಲೈಂಟ್ ಬಂದರು, ಮಾರ್ಚ್‌ನಲ್ಲಿ ಒಬ್ಬರು, ಮೇಯಲ್ಲಿ ಒಬ್ಬರು ಬಿಟ್ಟರು ಎಂದುಕೊಳ್ಳಿ. ಬಂದವರಿಗೆ ಮರುತಿಂಗಳಿನಿಂದ ಬಿಲ್, ಬಿಡುವವರಿಗೆ ಬಿಡುವ ತಿಂಗಳದ್ದೂ ಬಿಲ್. ಲೆಕ್ಕ ಹೀಗೆ ಹೋಗುತ್ತದೆ: ಜನವರಿ 4, ಫೆಬ್ರವರಿ 5, ಮಾರ್ಚ್ 6, ಏಪ್ರಿಲ್ 6, ಮೇ 7, ಜೂನ್ 7. ಜುಲೈ, ಆಗಸ್ಟ್ ಮೂರೂವರೆ ಮೂರೂವರೆ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಏಳೇಳು. ಕೂಡಿಸಿ, 70 ಬಿಲ್. ಒಂದಕ್ಕೆ 12,000ದಂತೆ 8,40,000. ಎಲ್ಲ ಅಂದುಕೊಂಡ ಹಾಗೇ ನಡೆದರೂ 60,000 ಕಡಿಮೆ!

ಇಲ್ಲಿ ಇನ್ನೂ ಎರಡು ಕ್ಲೈಂಟ್ ಹುಡುಕುವ ಎನ್ನಬೇಡಿ. ಇಬ್ಬರು ಮಾಡುವ ಕೆಲಸಕ್ಕೆ ಒಂಬತ್ತು ಕ್ಲೈಂಟ್ ಬಂದರೆ ಕೆಲಸ ಕೆಡುತ್ತದೆ, ಕೆಟ್ಟರೆ ಹಳಬರೂ ಬಿಡುತ್ತಾರೆ. ರೇಟ್ 1,000 ಏರಿಸಿ. ಹೊಸಬರಿಗೆ ಮೊದಲ ದಿನದಿಂದಲೇ 13,000, ಹಳಬರಿಗೆ ಏಪ್ರಿಲ್‌ನಿಂದ. 70 ಬಿಲ್‌ಗೆ 9,10,000, ಅದರಲ್ಲಿ ಹಳಬರ ಮೊದಲ ಮೂರು ತಿಂಗಳ ವ್ಯತ್ಯಾಸ 12,000 ಕಳೆದರೆ 8,98,000. ಎರಡು ಸಾವಿರ ಕಡಿಮೆ ಬೀಳುತ್ತದೆ, ಅಷ್ಟಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ರೇಟ್ ಏರಿಸುತ್ತೇವೆ ಎಂದು ಹೇಳುವುದಕ್ಕೆ ಫೆಬ್ರವರಿ ಒಳ್ಳೆಯ ಸಮಯ. ಹೊಸ ಆರ್ಥಿಕ ವರ್ಷದಿಂದ ಎಂದರೆ ಅಂಗಡಿಯವರಿಗೆ ಅರ್ಥವಾಗುತ್ತದೆ. ಅವರೂ ತಮ್ಮ ಲೆಕ್ಕವನ್ನು ಮಾರ್ಚ್ 31ಕ್ಕೆ ಮುಗಿಸುವವರೇ ಅಲ್ವಾ. ಫೋನಿನಲ್ಲಿ ಹೇಳಿ, ಆಮೇಲೆ ಮೆಸೇಜ್ ಹಾಕಿ. ಬರೀ ಮೆಸೇಜ್ ಹಾಕಿದರೆ "ಎಂತ ಮಾರಾಯ್ರೆ, ಒಂದು ಮಾತು ಹೇಳದೆ" ಎಂಬ ಬೇಜಾರು ಉಳಿಯುತ್ತದೆ.

ಇನ್ನು ಐದು ಹೊಸಬರನ್ನು ತರುವ ಲೆಕ್ಕ. ಹೋದ ವರ್ಷ 24 ಜನ ರೇಟ್ ಕೇಳಿ, 12 ಜನ ಕೂತು ಮಾತಾಡಿ, 3 ಜನ ಕ್ಲೈಂಟ್ ಆಗಿದ್ದರೆ, ಒಬ್ಬ ಕ್ಲೈಂಟ್‌ಗೆ 8 ಜನ ಕೇಳಬೇಕು. ಐದಕ್ಕೆ 40. ಐದು ತಿಂಗಳಲ್ಲಿ 40 ಎಂದರೆ ತಿಂಗಳಿಗೆ 8, ವಾರಕ್ಕೆ ಎರಡು. 9 ಲಕ್ಷ ಎಂಬ ದೊಡ್ಡ ಸಂಖ್ಯೆ ಈಗ "ವಾರಕ್ಕೆ ಇಬ್ಬರು ರೇಟ್ ಕೇಳಬೇಕು" ಎನ್ನುವಲ್ಲಿಗೆ ಬಂದು ನಿಂತಿತು. ಇದನ್ನು ಹಿಡಿದುಕೊಂಡು ಸೋಮವಾರ ಬೆಳಿಗ್ಗೆ ಕೆಲಸ ಶುರು ಮಾಡಬಹುದು.

ವೆಬ್‌ಸೈಟ್ ಮಾಡಿಕೊಡುವಂಥ ಒಂದೇ ಸಲದ ಕೆಲಸವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಬಂದರೆ ಉಪ್ಪಿನಕಾಯಿ, ಊಟ ಅಲ್ಲ.

ಹಂತ 3: ನಮ್ಮ ಕರಾವಳಿಯ ಕ್ಯಾಲೆಂಡರ್ ಪಕ್ಕದಲ್ಲಿಡಿ

ವಿದೇಶದ ಮಾರ್ಕೆಟಿಂಗ್ ಪಾಠಗಳಲ್ಲಿ ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ತುಂಡು ಮಾಡುತ್ತಾರೆ. ನಮ್ಮ ವರ್ಷ ಹಾಗೆ ತುಂಡಾಗುವುದಿಲ್ಲ. ಇಲ್ಲಿ ದುಡ್ಡು ಓಡಾಡುವುದಕ್ಕೆ ಬೇರೆಯೇ ತಾಳ ಇದೆ.

ದೀಪಾವಳಿ ಕಳೆದ ಮೇಲೆ ಕಂಬಳ, ಯಕ್ಷಗಾನ ಮೇಳಗಳ ತಿರುಗಾಟ, ಮದುವೆ, ಜಾತ್ರೆ, ದೈವಗಳ ಕೋಲ, ನೇಮ ಶುರು. ಡಿಸೆಂಬರ್‌ನಲ್ಲಿ ಕ್ರಿಸ್ಮಸ್‌ಗೆ ಗಲ್ಫ್‌ನಿಂದ, ಮುಂಬೈಯಿಂದ ಜನ ಬರುತ್ತಾರೆ, ಬೇಕರಿಗಳಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಪ್ಯಾಕೆಟ್ ಕಟ್ಟುತ್ತಾರೆ. ಏಪ್ರಿಲ್ ಮಧ್ಯದಲ್ಲಿ ತುಳುವರ ಹೊಸ ವರ್ಷ, ಬಿಸು. ಮೇಯಲ್ಲಿ ಮದುವೆ ಹಾಲ್‌ಗಳಿಗೆ ಬಿಡುವಿಲ್ಲ, ಪಿಯುಸಿ ಮುಗಿಸಿದವರ ಕಾಲೇಜು ಹುಡುಕಾಟ ಬೇರೆ. ಮೇ ಕೊನೆಗೆ ಪತ್ತನಾಜೆ. ಅಲ್ಲಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಊರು ತಣ್ಣಗಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ, ಮಂಗಳೂರು ಬಂದರಿನಲ್ಲಿ ದೋಣಿ ನಿಂತರೆ ಐಸ್ ಫ್ಯಾಕ್ಟರಿಯಿಂದ ಹಿಡಿದು ಬಟ್ಟೆ ಅಂಗಡಿಯವರೆಗೆ ಅದರ ಬಿಸಿ ತಟ್ಟುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಆ ತಿಂಗಳಲ್ಲಿ ಯಾರಿಗೆ ಕೊಟೇಶನ್ ಕೊಟ್ಟರೂ ಒಂದೇ ಉತ್ತರ: "ಆಟಿ ಕಳೆಯಲಿ, ಮತ್ತೆ ನೋಡುವ." ಆಮೇಲೆ ಅಷ್ಟಮಿ, ಚೌತಿ, ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ಮೊಂತಿ ಹಬ್ಬ, ಕುದ್ರೋಳಿಯ ದಸರಾ, ಮತ್ತೆ ದೀಪಾವಳಿ.

ಈ ಕ್ಯಾಲೆಂಡರ್ ಮೇಲೆ ಕ್ಲೈಂಟ್‌ಗಳ ಹೆಸರು ಬರೆಯಿರಿ. ಮದುವೆ ಫೋಟೋಗ್ರಾಫರ್‌ಗೆ ಮೇಯಲ್ಲಿ ಜಾಹೀರಾತು ಹಾಕಿ ಏನೂ ಪ್ರಯೋಜನ ಇಲ್ಲ, ಅವರ ಡೇಟ್ ಆಗಲೇ ತುಂಬಿರುತ್ತದೆ. ಅವರಿಗೆ ಬೇಕಾದ್ದು ಆಟಿಯ ಕೊನೆಯಲ್ಲಿ, ಜನ ಮುಹೂರ್ತ ನೋಡಲು ಶುರು ಮಾಡುವಾಗ. ಕಾಲೇಜಿಗೆ ಮಾರ್ಚ್‌ನಿಂದಲೇ ಬೇಕು. ಕುಸ್ವಾರ್ ಮಾಡುವವರಿಗೆ ನವೆಂಬರ್ ಮೊದಲ ವಾರ, ಕೊರಿಯರ್ ಹೋಗಿ ಮುಟ್ಟಬೇಕಲ್ಲ. ಯಾರಿಗೆ ಯಾವಾಗ ಸೀಸನ್ ಎನ್ನುವುದಕ್ಕಿಂತ ಯಾವಾಗ ಜನ ಹುಡುಕಲು ಶುರು ಮಾಡುತ್ತಾರೆ ಎನ್ನುವುದೇ ನಮಗೆ ಮುಖ್ಯ. ಹಬ್ಬದ ವಾರ ಜಾಹೀರಾತು ಶುರು ಮಾಡುವುದು ಮದುವೆಯ ದಿನ ಬಾಳೆ ನೆಟ್ಟ ಹಾಗೆ.

ಹಂತ 4: ಮೂರೇ ಗುರಿ, ಮೂರೂ ನಿಮ್ಮ ಕೈಯಲ್ಲಿರುವಂಥದ್ದು

ನಾನು ಗುರಿಗಳನ್ನು ಎರಡು ರಾಶಿ ಮಾಡುತ್ತೇನೆ. ಊಟದ ಗುರಿ, ಬಾಳೆಯ ಗುರಿ. 9 ಲಕ್ಷ, ಏಳು ಕ್ಲೈಂಟ್, ಇವು ಊಟದವು. ಆಗಬಹುದು, ಆಗದಿರಬಹುದು, ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. "ವಾರಕ್ಕೆ ಎರಡು ಹೊಸ ಅಂಗಡಿಗೆ ಹೋಗುತ್ತೇನೆ" ಎನ್ನುವುದು ಬಾಳೆಯದ್ದು. ಹೋದರೆ ಆಯಿತು, ಹೋಗದಿದ್ದರೆ ನನ್ನದೇ ತಪ್ಪು. ಹಾಳೆಯಲ್ಲಿ ಊಟದ ಗುರಿ ಮೇಲೆ ಒಂದೇ ಸಾಲು. ಕೆಳಗೆ ಬಾಳೆಯದ್ದು ಮೂರು. ನಾಲ್ಕನೆಯದು ಬೇಕೆನಿಸಿದರೆ ಮೂರರಲ್ಲಿ ಒಂದನ್ನು ಹೊಡೆದು ಹಾಕಿ.

ನನ್ನ ಮೂರು ಇವು. ವಾರಕ್ಕೆ ಎರಡು ಹೊಸ ಅಂಗಡಿಗೆ ಹೋಗುವುದು. ವಾರಕ್ಕೆ ಒಬ್ಬ ಹಳೆಯ ಕ್ಲೈಂಟ್‌ಗೆ ಸುಮ್ನೆ ಫೋನ್ ಮಾಡುವುದು, ಬಾಕಿ ಕೇಳುವುದಕ್ಕಲ್ಲದೆ. ತಿಂಗಳಿಗೊಮ್ಮೆ ನಾವು ಮಾಡಿದ ಒಂದು ಕೆಲಸವನ್ನು ಮೊದಲು ಹೇಗಿತ್ತು, ಆಮೇಲೆ ಏನಾಯಿತು ಎಂದು ಅಂಕಿ ಸಮೇತ ಒಂದು ಪುಟ ಬರೆಯುವುದು.

ಅಂಗಡಿಗೆ ಹೋಗುವುದೆಂದರೆ ಕಾರ್ಡ್ ಕೊಟ್ಟು ಬರುವುದಲ್ಲ. ಒಮ್ಮೆ ಹಂಪನಕಟ್ಟೆಯಲ್ಲಿ ಒಂದು ಪಾತ್ರೆ ಅಂಗಡಿಗೆ ಹೋಗಿದ್ದೆ. ಒಳಗೆ ಹೋಗುವ ಮೊದಲೇ ಫೋನಿನಲ್ಲಿ ಅವರ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ಕಾಣುವ ಅಂಗಡಿಯ ವಿವರ, ತೆಗೆದು ನೋಡಿದ್ದೆ. ಕೌಂಟರ್‌ನಲ್ಲಿದ್ದ ಯಜಮಾನರಿಗೆ, "ಅಣ್ಣ, ಈ ನಂಬರ್ ನಿಮ್ಮದಾ?" ಎಂದು ಕೇಳಿದೆ. ಕನ್ನಡಕ ಏರಿಸಿ ನೋಡಿದರು. "ಇದು ಹಳೆಯ ಲ್ಯಾಂಡ್‌ಲೈನ್ ಮಾರಾಯ್ರೆ, ತೆಗೆದು ಎಷ್ಟು ವರ್ಷ ಆಯ್ತು!" ಅಷ್ಟು ದಿನ ಗೂಗಲ್‌ನಲ್ಲಿ ಹುಡುಕಿದವರೆಲ್ಲ ಆ ಸತ್ತ ನಂಬರಿಗೆ ಫೋನ್ ಹೊಡೆದಿದ್ದಾರೆ. ಅಲ್ಲೇ ನಿಂತು, ಪ್ರೊಫೈಲ್ ಅವರ ಹೆಸರಿಗೆ ಮಾಡಿಕೊಳ್ಳುವುದು ಹೇಗೆ ಎಂದು ತೋರಿಸಿದೆ. ದುಡ್ಡು ಕೇಳಲಿಲ್ಲ. ಮೂರು ವಾರದ ಮೇಲೆ ಅವರೇ ಫೋನ್ ಮಾಡಿದರು. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಇಂಥ ಅಂಗಡಿ ಬೀದಿಗೆ ನಾಲ್ಕು ಸಿಗುತ್ತದೆ. ಸಮಯ ತಪ್ಪು, ಫೋಟೋ ಇಲ್ಲ, ನಕ್ಷೆಯಲ್ಲಿ ಜಾಗ ಪಕ್ಕದ ಗಲ್ಲಿಗೆ. ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಮಂಗಳೂರು ಆದರೂ ಮ್ಯಾಂಗಲೋರ್ ಎಂದೇ ಟೈಪ್ ಮಾಡುವವರು ಇನ್ನೂ ತುಂಬ ಇದ್ದಾರೆ. ವೆಬ್‌ಸೈಟಿನಲ್ಲಿ ಎರಡೂ ಹೆಸರು ಇರಲಿ.

ಇದರ ಜೊತೆ "ಈ ವರ್ಷ ಮಾಡುವುದಿಲ್ಲ" ಎಂಬ ಒಂದು ಸಾಲೂ ಬೇಕು. ನನ್ನದು, ಬಿಟ್ಟಿ ಹಬ್ಬದ ಪೋಸ್ಟರ್. ಯಜಮಾನರು ಕೈಮುಗಿದ ಫೋಟೋ, ಹಿಂದೆ ದೀಪ, ಮೂಲೆಯಲ್ಲಿ ಅಂಗಡಿ ಲೋಗೋ. ವರ್ಷಕ್ಕೆ ಎಷ್ಟು ಹಬ್ಬ ಇದೆ ಎಂದು ಗೊತ್ತಾಗಬೇಕಾದರೆ ಒಂದು ವರ್ಷ ಈ ಪೋಸ್ಟರ್ ಮಾಡಿ ನೋಡಬೇಕು.

ಹಂತ 5: ಕ್ಲೈಂಟ್‌ಗೂ ಗುರಿ ಹಾಕಿ, ಆದರೆ ಸರಿಯಾದ್ದು

ಒಂದು ಹೋಟೆಲಿನ ಕೆಲಸ ಸಿಕ್ಕಿತ್ತು. ವರ್ಷದೊಳಗೆ 10,000 ಫಾಲೋವರ್ಸ್ ಮಾಡಿಕೊಡುತ್ತೇನೆ ಎಂದು ನಾನೇ ಹೇಳಿದ್ದೆ. ಎಂಟು ತಿಂಗಳಲ್ಲಿ ಮಾಡಿಯೂ ಕೊಟ್ಟೆ. ಮಳೆಗಾಲದಲ್ಲಿ ಕಡಲಿನ ಎದುರು ನೀರ್‌ದೋಸೆ, ಕೋಳಿ ಸುಕ್ಕದ ಒಂದು ರೀಲ್ ಎಲ್ಲೆಲ್ಲಿಗೋ ಹೋಯಿತು. ಅದನ್ನು ನೋಡಿದವರಲ್ಲಿ ಹೆಚ್ಚಿನವರು ಈ ಜಿಲ್ಲೆಯವರೇ ಅಲ್ಲ. ಒಂದು ಸಂಜೆ ಯಜಮಾನರು ಖಾಲಿ ಟೇಬಲ್‌ಗಳ ಮಧ್ಯೆ ನನ್ನನ್ನು ಕೂರಿಸಿ ಚಾ ತರಿಸಿದರು. "ಫಾಲೋವರ್ಸ್ ಬಂದ್ರು ಮಾರಾಯ್ರೆ. ಊಟಕ್ಕೆ ಯಾರೂ ಬರ್ಲಿಲ್ಲ ಅಲ್ವಾ?" ಜಗಳ ಮಾಡಲಿಲ್ಲ, ಬೈಯಲಿಲ್ಲ. ಮುಂದಿನ ತಿಂಗಳು ಬೇಡ ಎಂದರು, ಅಷ್ಟೇ. ತಪ್ಪು ಅವರದಲ್ಲ, ನಾನು ಹಾಕಿದ ಗುರಿಯದ್ದು.

ಈಗ ಜನವರಿಯಲ್ಲೇ ಪ್ರತಿ ಕ್ಲೈಂಟ್ ಎದುರು ಕೂತು ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಗಲ್ಲಾಪೆಟ್ಟಿಗೆಗೆ ದುಡ್ಡು ಬೀಳುವ ಮೊದಲು ಗಿರಾಕಿ ಏನು ಮಾಡುತ್ತಾರೆ? ಹೋಟೆಲ್ ಆದರೆ ದಾರಿ ಹುಡುಕುತ್ತಾರೆ. ಕ್ಲಿನಿಕ್ ಆದರೆ ಫೋನ್ ಮಾಡುತ್ತಾರೆ. ಸೀರೆ ಅಂಗಡಿ ಆದರೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕೇಳುತ್ತಾರೆ. ಅದನ್ನೇ ಎಣಿಸಬೇಕು. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಎಷ್ಟು ಜನ ಕರೆ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಎಂದು ತಿಂಗಳವಾರು ಸಿಗುತ್ತದೆ. ತಿಂಗಳ ಕೊನೆಗೆ ಅದನ್ನು ಶೀಟ್‌ಗೆ ಬರೆದಿಟ್ಟುಕೊಳ್ಳಿ. ಜಾಹೀರಾತು ಹಾಕುವಾಗ ಊರಿನ ಸುತ್ತಳತೆ ಇಟ್ಟು ಹಾಕಿ, ಇಡೀ ಕರ್ನಾಟಕಕ್ಕೆ ಬಿಡಬೇಡಿ. ರಿವ್ಯೂ ಹೆಚ್ಚಿಸುವ ಗುರಿ ಇದ್ದರೆ ಗಿರಾಕಿಗಳನ್ನು ಬಾಯಿಬಿಟ್ಟು ಕೇಳಿ, ಆದರೆ ರಿವ್ಯೂ ಹಾಕಿದರೆ ಡಿಸ್ಕೌಂಟ್ ಎನ್ನಬೇಡಿ. ಅದು ಗೂಗಲ್ ನಿಯಮಕ್ಕೆ ವಿರುದ್ಧ.

ಹಂತ 6: ಬಾಕಿಗೂ ಒಂದು ಗುರಿ

ಈ ಹಂತ ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಒಂದು ನವರಾತ್ರಿಗೆ ಒಂದು ಬಟ್ಟೆ ಅಂಗಡಿಯ ಜಾಹೀರಾತಿಗೆ ನನ್ನದೇ ಕ್ರೆಡಿಟ್ ಕಾರ್ಡ್ ಹಾಕಿದೆ. "ಹಬ್ಬ ಮುಗಿದ ಕೂಡಲೇ ಕೊಡುವ" ಎಂದಿದ್ದರು. 35,000 ಹೋಯಿತು, ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಬೇರೆ, ಒಟ್ಟು 41,300. ದುಡ್ಡು ಕೈಗೆ ಬಂದಿದ್ದು ಶಿವರಾತ್ರಿ ಕಳೆದ ಮೇಲೆ. ಅಷ್ಟರಲ್ಲಿ ಕಾರ್ಡಿನ ಬಡ್ಡಿ ನನ್ನ ಲಾಭವನ್ನು ತಿಂದಿತ್ತು.

ಆವತ್ತಿನಿಂದ ನಿಯಮ: ಜಾಹೀರಾತು ಅಕೌಂಟ್ ಕ್ಲೈಂಟ್ ಹೆಸರಿನಲ್ಲಿ, ಕಾರ್ಡ್ ಅವರದು, ನಾವು ಒಳಗೆ ಹೋಗಿ ಕೆಲಸ ಮಾಡುವವರು ಮಾತ್ರ. ಇದರಲ್ಲಿ ಇನ್ನೊಂದು ಲಾಭ ಇದೆ. ಅವರ ಜಾಹೀರಾತಿನ ದುಡ್ಡು ನಮ್ಮ ಖಾತೆಯಲ್ಲಿ ಬಂದು ಹೋದರೆ ನಮ್ಮ ವಹಿವಾಟು ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಈ ಮಿತಿಯ ಹತ್ತಿರ ಇರುವವರು ವರ್ಷದ ಶುರುವಿನಲ್ಲೇ ಆಡಿಟರ್ ಹತ್ತಿರ ಮಾತಾಡಿ.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇದೆ, ಆಗಿಲ್ಲದಿದ್ದರೆ ಜನವರಿಯಲ್ಲೇ ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಮಧ್ಯವರ್ತಿ ಬೇಡ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದ ಬಿಲ್ಲನ್ನು ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. 2024ರ ಏಪ್ರಿಲ್‌ನಿಂದ, ಹಾಗೆ ಕೊಡದ ದುಡ್ಡನ್ನು ಆ ವರ್ಷದ ಖರ್ಚು ಎಂದು ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಲು ಆಗುವುದಿಲ್ಲ. ಊರಿನಲ್ಲಿ ಕಾಯ್ದೆ ತೋರಿಸಿ ದುಡ್ಡು ಕೇಳುವವರು ಕಮ್ಮಿ, ನಾನೂ ಕೇಳುವುದಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಹಾಕುತ್ತೇನೆ ಅಷ್ಟೇ. ಅದನ್ನು ಕ್ಲೈಂಟ್‌ನ ಆಡಿಟರ್ ನೋಡುತ್ತಾರೆ, ಮಾರ್ಚ್ ಹತ್ತಿರ ಬಂದಾಗ ಅವರೇ ನೆನಪು ಮಾಡುತ್ತಾರೆ.

ಹಂತ 7: ಪಿಗ್ಮಿ ಕಟ್ಟುವ ಹಾಗೆ ವಾರ ವಾರ ಕಟ್ಟಿ

ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ಏಜೆಂಟರು ದಿನವೂ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ ಎಂದು ಕಟ್ಟಿಸಿಕೊಳ್ಳುತ್ತಿದ್ದರು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರಿತು, ಆದರೆ ಪಿಗ್ಮಿ ಕಲೆಕ್ಟರ್ ಬರುವ ಹೊತ್ತಿಗೆ ದುಡ್ಡು ತೆಗೆದಿಡುವ ಅಭ್ಯಾಸ ನಮ್ಮ ಅಂಗಡಿಯವರಿಗೆ ಈಗಲೂ ಇದೆ. ಇವತ್ತು ವ್ಯಾಪಾರ ಆಗಲಿಲ್ಲ ಎಂದರೂ ಐವತ್ತೋ ನೂರೋ ಕೊಡುತ್ತಾರೆ, ಎದುರಿಗೆ ಬಂದು ನಿಂತವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರುವುದಿಲ್ಲ.

ಹಾಗೆ ಎದುರಿಗೆ ಬಂದು ನಿಲ್ಲುವ ಒಬ್ಬರು ನಮಗೂ ಬೇಕು. ನನಗೆ ನನ್ನ ಡಿಸೈನ್ ಹುಡುಗ. ಶನಿವಾರ ಸಂಜೆ ಐದಕ್ಕೆ ಅವನು ಶೀಟ್ ತೆಗೆದು ಕೇಳುತ್ತಾನೆ, "ಸರ್, ಎರಡು ಅಂಗಡಿ ಆಯ್ತಾ?" ಒಂದೇ ಆಗಿದ್ದರೆ ಒಂದು ಎಂದೇ ಬರೆಯುತ್ತಾನೆ. ಹತ್ತು ನಿಮಿಷದ ಕೆಲಸ. ಒಬ್ಬರೇ ಕೆಲಸ ಮಾಡುವವರು ಇದೇ ಕೆಲಸದಲ್ಲಿರುವ ಇನ್ನೊಬ್ಬರ ಜೊತೆ ವಾಟ್ಸ್‌ಆ್ಯಪ್‌ನಲ್ಲಿ ಮೂರು ಸಂಖ್ಯೆ ಹಂಚಿಕೊಂಡರೆ ಸಾಕು. ತಪ್ಪಿದ ವಾರದ್ದನ್ನು ಮುಂದಿನ ವಾರ ಸೇರಿಸಿ ನಾಲ್ಕು ಅಂಗಡಿ ಎನ್ನಬೇಡಿ. ಬಾಕಿ ಗುಡ್ಡೆಯಾದರೆ ಶೀಟ್ ತೆಗೆಯುವುದಕ್ಕೇ ಹೆದರಿಕೆ ಆಗುತ್ತದೆ.

ಹಂತ 8: ವರ್ಷಕ್ಕೆ ಮೂರು ಸಲ ಕೂತು ನೋಡಿ

ಬಿಸು, ಆಟಿ, ದೀಪಾವಳಿ. ಬಿಸುವಿನ ಹೊತ್ತಿಗೆ ಮಾರ್ಚ್ ಲೆಕ್ಕ ಮುಗಿದಿರುತ್ತದೆ, ರೇಟ್ ಏರಿಸಿದ ಮೇಲೆ ಯಾರು ಉಳಿದರು ಎಂದು ಗೊತ್ತಾಗಿರುತ್ತದೆ. ಅರ್ಧ ದಿನ ಸಾಕು. 40ರಲ್ಲಿ ಎಷ್ಟು ಜನ ಕೇಳಿದರು ಎಂದು ನೋಡಿ. ಕೇಳಿದವರು ತುಂಬ, ಆದವರು ಕಡಿಮೆ ಎಂದಾದರೆ ಕೊಟೇಶನ್ ಸರಿ ಇಲ್ಲ. ಕೇಳಿದವರೇ ಕಡಿಮೆ ಎಂದಾದರೆ ನೀವು ಹೊರಗೆ ಹೋಗಿಲ್ಲ.

ಆಟಿಯಲ್ಲಿ ಹೇಗೂ ಬಿಡುವು. ಹೊಸ ಕ್ಲೈಂಟ್ ಹುಡುಕಲು ಹೋಗಿ ಮನಸ್ಸು ಕೆಡಿಸಿಕೊಳ್ಳಬೇಡಿ, ಹಳಬರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಕೆಲಸ ಮಾಡಿ ಇಟ್ಟುಬಿಡಿ. ಗುರಿ ಬದಲಾಯಿಸುವುದಿದ್ದರೆ ಇದೇ ಸಮಯ. ಊಟದ ಗುರಿಯನ್ನು ಕಡಿಮೆ ಮಾಡಲು ನಾಚಿಕೆ ಬೇಡ. ಬಾಳೆಯ ಗುರಿಯನ್ನು ಮಾತ್ರ ಕಡಿಮೆ ಮಾಡಬೇಡಿ.

ದೀಪಾವಳಿಗೆ ಅಂಗಡಿ ಪೂಜೆ. ನಮ್ಮ ಕೋಣೆಯಲ್ಲೂ ಲ್ಯಾಪ್‌ಟಾಪ್‌ಗೆ ಕುಂಕುಮ ಇಟ್ಟು ಅವಲಕ್ಕಿ ಹಂಚುತ್ತೇವೆ. ಮರುದಿನ ಹಂತ 1ಕ್ಕೆ ವಾಪಸ್, ಹಳೆಯ ಲೆಕ್ಕ. ನವೆಂಬರ್‌ನಲ್ಲೇ ಅದನ್ನು ಮುಗಿಸಿದರೆ ಡಿಸೆಂಬರ್ ಮೊದಲ ವಾರಕ್ಕೆ ಹೊಸ ಹಾಳೆ ಸಿದ್ಧ. ಹೋದ ದೀಪಾವಳಿಯ ಮರುದಿನ ನಾನು ಬರೆದ ಮೊದಲ ಸಾಲು: "ಪಾತ್ರೆ ಅಂಗಡಿ ಯಜಮಾನರ ಅಣ್ಣನಿಗೆ ಉಡುಪಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆಯಂತೆ. ಹೋಗಬೇಕು." ಅದರ ಮುಂದೆ ತಾರೀಕು ಹಾಕಿದ್ದೆ. ಹೋಗುವ ಮೊದಲು ಫೋನ್ ತೆಗೆದು ನೋಡಿದೆ. ಅವರ ಅಂಗಡಿಯ ಪ್ರೊಫೈಲ್‌ನಲ್ಲಿ ಭಾನುವಾರ ತೆರೆದಿದೆ ಎಂದಿತ್ತು, ಬಾಗಿಲಿಗೆ ಹಾಕಿದ ಬೋರ್ಡಿನ ಫೋಟೋದಲ್ಲಿ ಭಾನುವಾರ ರಜೆ ಎಂದಿತ್ತು.